ಅದತ್ತ ಕ್ಷೀರ

ಬಸದಿಗೆ ಬೆಳಗಿನ ಅಭಿಷೇಕದ ಹಾಲು ಬಂದಾಗ ಶ್ರಾವಕರು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಕರೆದು ಎಷ್ಟು ಹೊತ್ತಾಯಿತು? ಶುದ್ಧವಾದ ಬಟ್ಟೆಯಲ್ಲಿ ಸೋಸಿದೆಯೆ? ಪಾತ್ರೆ ಮಡಿಯದೆ? ತಂದವನು ಸ್ನಾನ ಮಾಡಿ ಬಂದನೆ? ಮನೆಬಳಕೆಯ ಹಾಲಾದರೆ ಎರಡು ಘಳಿಗೆ, ಎಂದರೆ 48 ನಿಮಿಷ, ಕಳೆಯುವ ಮೊದಲೇ ಕಾಯಿಸಬೇಕೆಂಬ ನಿಯಮವನ್ನು ವ್ರತಿಕರು ಇಂದಿಗೂ ಗಡಿಯಾರ ನೋಡಿ ಪಾಲಿಸುತ್ತಾರೆ. ಇವೆಲ್ಲ ಯುಕ್ತವಾದ ಪ್ರಶ್ನೆಗಳು. ಹಾಲಿನಲ್ಲಿ ಹುಟ್ಟಬಹುದಾದ ಸೂಕ್ಷ್ಮ ಜೀವಗಳ ಮೇಲಣ ಕರುಣೆಯಿಂದ ಹುಟ್ಟಿದ ಪ್ರಶ್ನೆಗಳು. ಆದರೆ ಈ ಪಟ್ಟಿಯಲ್ಲಿ ಒಂದು ಪ್ರಶ್ನೆ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಈ ಹಾಲು ಕೆಚ್ಚಲಿನಿಂದ ಹೇಗೆ ಇಳಿಯಿತು?

ಕಣ್ಣಿಗೆ ಕಾಣದ ಜೀವಕ್ಕಾಗಿ ಗಡಿಯಾರ ನೋಡುವ ಸಮಾಜವು ಕಣ್ಣೆದುರಿಗೆ ಕಟ್ಟಿಹಾಕಿರುವ ಜೀವದ ಬಗ್ಗೆ ಕೇಳದಿರುವುದು ವಿಪರ್ಯಾಸ ಮಾತ್ರವಲ್ಲ, ಪ್ರಮಾದ. ಹಿಂಸೆಯ ಮೂಲವನ್ನು ಆಚಾರ್ಯರು ಪ್ರಮಾದದಲ್ಲಿ ಗುರುತಿಸಿದ್ದಾರೆ. ಕತ್ತಿ ಹಿಡಿದ ಕೈ ಎಷ್ಟು ಹೊಣೆಯೋ, ತಿಳಿಯಬಹುದಾದುದನ್ನು ತಿಳಿಯಲೊಲ್ಲದ ಮನಸ್ಸೂ ಅಷ್ಟೇ ಹೊಣೆ. ಈ ವಿಷಯದಲ್ಲಿ ತಿಳಿಯಬಹುದಾದುದು ಬಹಳವಿದೆ.

ಸಂಜ್ಞೀ ಜೀವದ ಶರೀರಧರ್ಮ

ಹಸು, ಎಮ್ಮೆ, ಕುರಿ, ಮೇಕೆಗಳನ್ನು ಜೈನ ಶಾಸ್ತ್ರವು ಸಂಜ್ಞೀ ಪಂಚೇಂದ್ರಿಯ ತಿರ್ಯಂಚಗಳೆಂದು ಕರೆದಿದೆ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳ ಜೀವಗಳೆಂಬುದು ಇದರ ತಾತ್ಪರ್ಯ. ಕಳೆದ ನೂರು ವರ್ಷಗಳಲ್ಲಿ ಶರೀರವಿಜ್ಞಾನವು ಈ ಪ್ರಾಣಿಗಳ ಸಂತಾನಕ್ರಿಯೆಯನ್ನು ಕುರಿತು ಕಂಡುಕೊಂಡಿರುವ ಸಂಗತಿಗಳು ಈ ಮಾತಿಗೆ ವ್ಯಾಖ್ಯಾನದಂತಿವೆ. ಬೆದೆ, ಗರ್ಭ, ಹೆರಿಗೆ, ಹಾಲು ಇವು ಕೇವಲ ಗರ್ಭಕೋಶ ಮತ್ತು ಕೆಚ್ಚಲಿನ ವ್ಯವಹಾರಗಳಲ್ಲ. ಇವುಗಳ ಆಡಳಿತವಿರುವುದು ಮೆದುಳಿನಲ್ಲಿ.

ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅದರ ಕೆಳಗೆ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ. ಹೈಪೊಥಲಾಮಸ್ ನಾಡಿಯ ಮಿಡಿತದಂತೆ ಬಿಟ್ಟುಬಿಟ್ಟು ಸ್ರವಿಸುವ ಜಿ.ಎನ್.ಆರ್.ಎಚ್. ಎಂಬ ಹಾರ್ಮೋನು ಸೂಕ್ಷ್ಮ ರಕ್ತನಾಳಗಳ ಮೂಲಕ ಪಿಟ್ಯುಟರಿಯನ್ನು ತಲುಪುತ್ತದೆ. ಆ ಆಜ್ಞೆಯಂತೆ ಪಿಟ್ಯುಟರಿಯು ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಮೊದಲನೆಯದು ಅಂಡಾಶಯದಲ್ಲಿ ಅಂಡವಿರುವ ಕೋಶವನ್ನು ಬೆಳೆಸುತ್ತದೆ. ಬೆಳೆದ ಕೋಶದಿಂದ ಹೊರಟ ಈಸ್ಟ್ರೋಜೆನ್ ಮರಳಿ ಮೆದುಳನ್ನೇ ಸೇರುತ್ತದೆ. ಆಗ ಹಸು ಬೆದೆಗೆ ಬರುತ್ತದೆ. ಎರಡನೆಯದು ಒಮ್ಮೆಗೇ ಉಕ್ಕಿ ಬಂದಾಗ ಅಂಡ ಬಿಡುಗಡೆಯಾಗುತ್ತದೆ. ಒಡೆದ ಕೋಶವು ಹಳದಿ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟಿರೋನನ್ನು ಸ್ರವಿಸುತ್ತ ಗರ್ಭಕ್ಕೆ ನೆಲೆಯನ್ನು ಸಿದ್ಧಪಡಿಸುತ್ತದೆ. ಭ್ರೂಣ ನಿಂತ ಸೂಚನೆ ಬಾರದಿದ್ದರೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯವನ್ನು ಕಳುಹಿಸಿ ಆ ಗ್ರಂಥಿಯನ್ನು ಕರಗಿಸುತ್ತದೆ. ಸುಮಾರು 21 ದಿನಗಳಿಗೊಮ್ಮೆ ಈ ಚಕ್ರ ಮೊದಲಿನಿಂದ ಆರಂಭವಾಗುತ್ತದೆ.

ಈ ಆಡಳಿತಕ್ಕೆ ಇಂದ್ರಿಯಗಳೇ ದೂತರು. ಶೀತಪ್ರದೇಶದ ಕುರಿಗಳಲ್ಲಿ ಹಗಲು ಕಿರಿದಾಗುವುದನ್ನು ಕಣ್ಣು ತಿಳಿಸಿದ ಮೇಲೆಯೇ ಬೆದೆಯ ಋತು ತೊಡಗುತ್ತದೆ. ಬಹುಕಾಲ ಟಗರನ್ನು ಕಾಣದ ಕುರಿಗಳ ಹಿಂಡಿಗೆ ಟಗರು ಬಂದರೆ ಅದರ ವಾಸನೆಯೇ ಮೆದುಳಿನ ಮಿಡಿತವನ್ನು ಚುರುಕುಗೊಳಿಸುತ್ತದೆ. ಕರು ಹಾಲುಣ್ಣುತ್ತಿರುವ ತನಕ ತಾಯಿ ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಪರರ ಕರು ಬಂದು ಮೊಲೆಯುಂಡರೆ ಈ ತಡೆ ಉಂಟಾಗುವುದಿಲ್ಲ. ತನ್ನದೇ ಕರುವೆಂದು ಕಣ್ಣಿನಿಂದ, ಮೂಗಿನಿಂದ ಗುರುತಿಸಿದಾಗಲಷ್ಟೇ ಉಂಟಾಗುತ್ತದೆ. ತಾಯಿಯ ಮೆದುಳು ಲೆಕ್ಕಕ್ಕೆ ಹಿಡಿಯುವುದು ಚೀಪುವಿಕೆಯನ್ನಲ್ಲ, ಕರುವನ್ನು. ಮನಸ್ಸಿಲ್ಲದ ಯಂತ್ರ ಹೀಗೆ ವರ್ತಿಸುವುದಿಲ್ಲ.

ಹಾಲು ಇಳಿಯುವ ಬಗೆ

ಕೆಚ್ಚಲಿನಲ್ಲಿ ಹಾಲು ತುಂಬಿದ್ದರೂ ಅದರ ಬಹುಭಾಗ ಸೂಕ್ಷ್ಮ ಕೋಶಗಳಲ್ಲಿ ನಿಂತಿರುತ್ತದೆ. ಹಿಂಡಿದ ಮಾತ್ರಕ್ಕೆ ಬರುವುದಿಲ್ಲ. ಕರು ಮೊಲೆಗೆ ಬಾಯಿಟ್ಟಾಗ ಅದರ ಸ್ಪರ್ಶ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಹೈಪೊಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿಯ ಹಿಂಭಾಗದಲ್ಲಿ ಸಂಗ್ರಹವಾಗಿರುವ ಆಕ್ಸಿಟೋಸಿನ್ ರಕ್ತಕ್ಕೆ ಇಳಿದು, ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲನ್ನು ಸೇರಿ, ಹಾಲಿನ ಕೋಶಗಳನ್ನು ಅಮುಕಿ ಹಾಲನ್ನು ಹೊರದೂಡುತ್ತದೆ. ಹಳ್ಳಿಗರು ಹಸು ಸೊರೆ ಬಿಟ್ಟಿತು ಎನ್ನುವುದು ಇದನ್ನೇ. ಇದರ ಪ್ರಭಾವ ಕೆಲವೇ ನಿಮಿಷಗಳದು.

ಹಸು ಹೆದರಿದರೆ ಈ ಕ್ರಿಯೆ ನಿಂತುಬಿಡುತ್ತದೆ. ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು 1941ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಸುವಿನ ಬಳಿ ಕಾಗದದ ಚೀಲಗಳನ್ನು ಒಡೆದು ಸದ್ದು ಮಾಡಿ ಬೆದರಿಸಿದಾಗ ಅದು ಹಾಲನ್ನು ತಡೆಹಿಡಿಯಿತು. ಭಯದ ಹಾರ್ಮೋನಾದ ಅಡ್ರಿನಲಿನ್ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ಅಭಯವಿದ್ದಲ್ಲಿ ಹಾಲು, ಭಯವಿದ್ದಲ್ಲಿ ಇಲ್ಲ. ಅಭಯದಾನವನ್ನು ಶ್ರೇಷ್ಠ ದಾನವೆಂದು ಸಾರುವ ಧರ್ಮಕ್ಕೆ ಇದಕ್ಕಿಂತ ಹಿತವಾದ ವೈಜ್ಞಾನಿಕ ಸಂಗತಿ ಇನ್ನೊಂದಿರಲಾರದು.

ಫೂಕಾದಿಂದ ಸೂಜಿಯವರೆಗೆ

ತಾಯಿ ಕೊಡದಿದ್ದರೂ ತಾನು ಪಡೆಯಬೇಕೆಂಬ ಮನುಷ್ಯನ ಹಟ ಹಳೆಯದು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವ ವಂಚನೆ ಒಂದು ಬಗೆ. ಹಸುವಿನ ಜನನಾಂಗದೊಳಕ್ಕೆ ಗಾಳಿಯೂದಿ ಹಾಲಿಳಿಸುವ ಫೂಕಾ ಎಂಬ ಕ್ರೌರ್ಯ ಇನ್ನೊಂದು ಬಗೆ. ಹೆರಿಗೆಯ ಮಾರ್ಗ ಹಿಗ್ಗಿದಾಗ ಮೆದುಳು ಆಕ್ಸಿಟೋಸಿನ್ ಬಿಡುತ್ತದೆ ಎಂಬುದನ್ನು ವಿಜ್ಞಾನ ವಿವರಿಸುವ ಮೊದಲೇ ಲೋಭವು ಅದನ್ನು ಕಂಡುಕೊಂಡಿತ್ತು. ಕಲ್ಕತ್ತೆಯ ಗೌಳಿಗರಲ್ಲಿ ಹಸುಗಳಿಗಾಗುತ್ತಿದ್ದ ಹಿಂಸೆಯನ್ನು ಓದಿ ಮನನೊಂದ ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲನ್ನು ತೊರೆದರು. ಇಂದ್ರಿಯಸಂಯಮದ ದೃಷ್ಟಿಯಿಂದ ಹಾಲನ್ನು ಬಿಡುವ ವಿಚಾರವನ್ನು ಅದಕ್ಕೂ ಮೊದಲು ಅವರಲ್ಲಿ ಬಿತ್ತಿದವರು ಜೈನ ಶ್ರಾವಕರೂ ರತ್ನವ್ಯಾಪಾರಿಗಳೂ ಆಗಿದ್ದ ರಾಯಚಂದಭಾಯಿ. ಮುಂದೆ ಕಾಯಿಲೆಯಲ್ಲಿ ಆಡಿನ ಹಾಲಿಗೆ ಒಪ್ಪಿಕೊಂಡಾಗ ಗಾಂಧೀಜಿ ಅದನ್ನು ತಮ್ಮ ದೌರ್ಬಲ್ಯವೆಂದೇ ಬಗೆದರು.

ಇಂದು ಚರ್ಮದ ಕರುವೂ ಬೇಡ, ಗಾಳಿಯೂ ಬೇಡ. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಹೆರಿಗೆಯ ರಕ್ತಸ್ರಾವದಿಂದ ಅಸಂಖ್ಯ ತಾಯಂದಿರನ್ನು ಉಳಿಸಿದ ಆ ದಿವ್ಯೌಷಧವೇ ಕೊಟ್ಟಿಗೆಯಲ್ಲಿ ಹೊತ್ತಿಗೊಂದು ಸೂಜಿಯಾಯಿತು. ಕರುವಿಲ್ಲದಿದ್ದರೂ ಹಾಲು ಬರುವುದಾದರೆ ಕರುವನ್ನು ಸಾಕುವ ವೆಚ್ಚವೇಕೆ ಎಂಬ ಲೆಕ್ಕ ಸೂಜಿಯ ಹಿಂದಿದೆ. ಬಹುಕಾಲ ಸೂಜಿಗೆ ಒಗ್ಗಿದ ಪ್ರಾಣಿಯಲ್ಲಿ ತಾನಾಗಿ ಸೊರೆ ಬಿಡುವ ಶಕ್ತಿ ಕುಂದುತ್ತದೆ. ಆಮೇಲೆ ಸೂಜಿಯಿಲ್ಲದೆ ಹಾಲಿಲ್ಲ.

ಕಾನೂನು ಇದನ್ನು ಒಪ್ಪಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ 12ನೆಯ ಪ್ರಕರಣವು ಫೂಕಾವನ್ನೂ, ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಹಾಲು ಹೆಚ್ಚಿಸಲು ಚುಚ್ಚುವ ಯಾವುದೇ ದ್ರವ್ಯವನ್ನೂ ಅಪರಾಧವೆಂದು ಸಾರುತ್ತದೆ. 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವುದನ್ನು ನಿಷೇಧಿಸಿ, ದೇಶದ ಬಳಕೆಗೆ ಬೇಕಾದುದನ್ನು ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಆಂಟಿಬಯೋಟಿಕ್ಸ್‌ಗೆ ಮಾತ್ರ ವಹಿಸಿತು. ಜೀವರಕ್ಷಕ ಔಷಧ ತಾಯಂದಿರಿಗೆ ದುರ್ಲಭವಾಗಬಹುದೆಂಬ ಆತಂಕ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಈ ಪ್ರಸಂಗ ಕಲಿಸುವ ಪಾಠ ಒಂದೇ. ಔಷಧವನ್ನು ತಡೆದು ಲೋಭವನ್ನು ತಡೆಯಲಾಗದು. ಕೊಳ್ಳುವವನು ಕೇಳಿದಾಗಲೇ ಮಾರುವವನು ಎಚ್ಚರಗೊಳ್ಳುತ್ತಾನೆ.

ಸಮಾಜದಲ್ಲಿ ಈ ಸೂಜಿಯ ಮಾತು ಬರುವುದೇ ಇಲ್ಲವೆಂದಲ್ಲ. ಆದರೆ ಬರುವುದು ಬೇರೆ ಕಾರಣಕ್ಕೆ. ಸೂಜಿಯ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ಋತುಮತಿಯರಾಗುತ್ತಾರಂತೆ ಎಂದು ತಾಯಂದಿರು ಅಂಜುತ್ತಾರೆ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಚಿಕ್ಕ ಸರಪಣಿ. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನಂತೆ ಅದೂ ಜೀರ್ಣವಾಗುತ್ತದೆ. ಈ ಅಂಜಿಕೆಗೆ ಆಧಾರವಿಲ್ಲ. ಆಧಾರವಿದ್ದರೂ ಅದು ಜೈನನ ಮೊದಲ ಪ್ರಶ್ನೆಯಾಗಬಾರದಿತ್ತು. ಎಮ್ಮೆಗೆ ಚುಚ್ಚಿದ ಸೂಜಿಯ ವಿಚಾರದಲ್ಲಿ ತನ್ನ ಮಗಳಿಗೇನಾಗುತ್ತದೆಂದು ಮಾತ್ರ ಕೇಳುವುದು ಸ್ವಹಿತದ ಚಿಂತೆ. ಅದಕ್ಕೆ ಅಹಿಂಸೆಯೆಂಬ ಹೆಸರು ಸಲ್ಲದು.

ಅಚೌರ್ಯದ ತಕ್ಕಡಿಯಲ್ಲಿ

ಹಾಲಿನ ಪ್ರಶ್ನೆಯನ್ನು ಇದುವರೆಗೆ ಅಹಿಂಸಾಣುವ್ರತದ ದೃಷ್ಟಿಯಿಂದ ಮಾತ್ರ ನೋಡಲಾಗಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವ ಆ ವ್ರತದ ಐದು ಅತಿಚಾರಗಳಲ್ಲಿ ಆಶ್ರಿತ ಪ್ರಾಣಿಯ ಆಹಾರವನ್ನು ತಡೆಯುವುದೂ ಒಂದು. ಕರುವಿನ ಬಾಯಿಂದ ಮೊಲೆ ಬಿಡಿಸಿ ಹಸಿವಿನಲ್ಲಿ ಕಟ್ಟುವುದು ಇದಲ್ಲದೆ ಬೇರೇನೂ ಅಲ್ಲ. ಆದರೆ ಮೇಲೆ ಹೇಳಿದ ಶರೀರಧರ್ಮವನ್ನು ಅರಿತ ಮೇಲೆ ಮೂರನೆಯ ಅಣುವ್ರತವೂ ಎದುರಿಗೆ ಬಂದು ನಿಲ್ಲುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದು, ಅದತ್ತಾದಾನ, ಚೌರ್ಯ.

ಹಸು ಬಾಯಿಬಿಟ್ಟು ಕೊಟ್ಟೆನೆಂದು ಹೇಳಲಾರದು. ಅದು ಕೊಟ್ಟಿತೆಂಬುದಕ್ಕೆ ಸಾಕ್ಷಿ ಯಾವುದು? ಸೊರೆ ಬಿಡುವುದೇ ಸಾಕ್ಷಿ. ಕರುವನ್ನು ಕಂಡು, ಇಲ್ಲವೆ ಕರೆಯುವವಳ ಪರಿಚಿತ ಧ್ವನಿಯನ್ನು ಕೇಳಿ, ಭಯವಿಲ್ಲದೆ ಅದರ ಮೆದುಳು ಆಕ್ಸಿಟೋಸಿನ್ ಬಿಟ್ಟರೆ ಆ ಹಾಲನ್ನು ದತ್ತವೆನ್ನಲು ಅವಕಾಶವುಂಟು. ಇದು ಕೇವಲ ನರಗಳ ಪ್ರತಿಕ್ರಿಯೆ, ದಾನವಲ್ಲ ಎಂದು ತರ್ಕಪಟುಗಳು ಹೇಳಬಹುದು. ಹಾಗಾದರೆ ಭಯಗೊಂಡಾಗ ಅದು ತಡೆಹಿಡಿಯುವುದೇಕೆ? ತಡೆಹಿಡಿಯಬಲ್ಲ ಜೀವ ಬಿಟ್ಟಾಗ ಅದನ್ನು ಕೊಡುಗೆಯೆಂದೇ ತಿಳಿಯಬೇಕು. ಮೆದುಳು ಹೊರಡಿಸದ ಆಜ್ಞೆಯನ್ನು ಸೂಜಿಯಿಂದ ಹೊರಡಿಸುವುದು ಯಜಮಾನನ ಖೊಟ್ಟಿ ರುಜು ಹಾಕಿ ಹಣ ತೆಗೆದಂತೆ. ವ್ಯಾಪಾರಿಗಳಿಗೆ ಈ ಮಾತನ್ನು ಇದಕ್ಕಿಂತ ವಿವರಿಸಬೇಕಾಗಿಲ್ಲ.

ಅಚೌರ್ಯದ ಅತಿಚಾರಗಳು ಸ್ವತಃ ವ್ಯಾಪಾರಿಗಳಿಗಾಗಿಯೇ ಬರೆದಂತಿವೆ. ಕಳವಿಗೆ ಪ್ರೇರಣೆ ನೀಡುವುದು ಸ್ತೇನಪ್ರಯೋಗ. ಬೇಡಿಕೆ ಹೆಚ್ಚಿಸಿ ಬೆಲೆ ಇಳಿಸಲು ಒತ್ತಾಯಿಸುವವನು ಇದಕ್ಕೆ ಭಾಗಿ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ಎಲ್ಲಿಂದ ಬಂತೆಂದು ಕೇಳದೆ ಕೊಂಡವನು ಇದಕ್ಕೆ ಭಾಗಿ. ರಾಜಶಾಸನವನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ; 12ನೆಯ ಪ್ರಕರಣವಿದ್ದೂ ಸೂಜಿ ಮಾರಿದವನೂ ಚುಚ್ಚಿದವನೂ ಇದಕ್ಕೆ ಭಾಗಿಗಳು. ಕೃತ, ಕಾರಿತ, ಅನುಮೋದಿತವೆಂಬ ಮೂರು ದಾರಿಗಳಿಂದಲೂ ಕರ್ಮ ಬಂಧಿಸುತ್ತದೆ ಎಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸಿದ ಮೇಲೆ, ಹಾಲಿನ ಬಿಲ್ಲಿಗೆ ರುಜು ಹಾಕುವ ಟ್ರಸ್ಟಿಗೆ ಯಾವ ರಿಯಾಯಿತಿ? ಕದ್ದ ವಸ್ತುವನ್ನು ಅಪರಿಗ್ರಹಮೂರ್ತಿಯಾದ ಜಿನಬಿಂಬದ ಮೇಲೆ ಸುರಿಯುವುದು ಯಾವ ಪುಣ್ಯ?

ಲೆಕ್ಕಕ್ಕೆ ಬಾರದ ಗಂಡುಗರುಗಳು

ಸೂಜಿ ಹಾಲಿನ ಹೊತ್ತಿಗಷ್ಟೇ ನಿಲ್ಲುವುದಿಲ್ಲ. ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಸೂಲು ಬೇಕೆಂದರೆ ಈದ 85 ದಿನಗಳೊಳಗೆ ಅದು ಮತ್ತೆ ಗಬ್ಬವಾಗಬೇಕು. ಕರು ಮೊಲೆಯುಣ್ಣುತ್ತಿದ್ದರೆ ಬೆದೆ ತಡವಾಗುತ್ತದೆ. ಆದ್ದರಿಂದ ಕರುವನ್ನು ಬೇರ್ಪಡಿಸುವುದು ಲಾಭ. ಬೆದೆಯನ್ನು ಕಾಯುವುದು ಕಷ್ಟ. ಆದ್ದರಿಂದ ಮೊದಲ ದಿನ ಜಿ.ಎನ್.ಆರ್.ಎಚ್., ಏಳು ದಿನಗಳ ಮೇಲೆ ಪ್ರೊಸ್ಟಗ್ಲಾಂಡಿನ್, ಎರಡು ದಿನಗಳ ಮೇಲೆ ಮತ್ತೆ ಜಿ.ಎನ್.ಆರ್.ಎಚ್. ಚುಚ್ಚಿ ನಿಗದಿತ ಗಂಟೆಗೆ ಕೃತಕ ಗರ್ಭಧಾರಣೆ ಮಾಡುವ ಕ್ರಮ 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ ಲೋಕದ ಅನೇಕ ಕಡೆ ಹಬ್ಬಿತು. ರೋಗಗ್ರಸ್ತ ಹಸುವಿಗೆ ವೈದ್ಯರು ಹಾರ್ಮೋನು ಕೊಡುವುದು ಚಿಕಿತ್ಸೆ, ಅದರಲ್ಲಿ ದೋಷವಿಲ್ಲ. ಆರೋಗ್ಯವಂತ ಜೀವದ ಮೆದುಳನ್ನು ಬದಿಗೆ ಸರಿಸಿ ಪಂಚಾಂಗ ಬರೆಯುವುದು ಚಿಕಿತ್ಸೆಯಲ್ಲ.

ಈ ವಿದ್ಯೆಯ ಹುಟ್ಟಿನ ಕಥೆಯನ್ನೂ ತಿಳಿದಿರಬೇಕು. ಜಿ.ಎನ್.ಆರ್.ಎಚ್.ನ ರಚನೆಯನ್ನು 1971ರಲ್ಲಿ ಬಿಡಿಸಿ 1977ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಶಾಲಿ ಮತ್ತು ಗಿಯ್ಮಾಂ ಅವರು ಕಸಾಯಿಖಾನೆಗಳಿಂದ ತರಿಸಿದ ಲಕ್ಷಗಟ್ಟಲೆ ಹಂದಿ ಮತ್ತು ಕುರಿಗಳ ಮೆದುಳಿನ ಚೂರುಗಳನ್ನು ಅರೆದು ಅತ್ಯಲ್ಪ ಪ್ರಮಾಣದ ದ್ರವ್ಯವನ್ನು ಪಡೆದರು. ಈಗ ಅದು ಕೃತಕವಾಗಿ ತಯಾರಾಗುತ್ತದೆ. ಆದರೆ ಉತ್ತಮ ತಳಿಯ ಹಸುವಿನಿಂದ ಒಮ್ಮೆಗೇ ಹಲವು ಅಂಡಗಳನ್ನು ಪಡೆಯಲು ಬಳಸುವ ಎಫ್.ಎಸ್.ಎಚ್. ಸಾಮಾನ್ಯವಾಗಿ ಕೊಂದ ಹಂದಿಗಳ ಪಿಟ್ಯುಟರಿಯಿಂದ ಬರುತ್ತದೆ. ಇನ್ನೊಂದು ಹಾರ್ಮೋನನ್ನು ಗಬ್ಬದ ಕುದುರೆಗಳ ರಕ್ತದಿಂದ ತೆಗೆಯುತ್ತಾರೆ. ಗೋಶಾಲೆ ನಡೆಸುವ ಟ್ರಸ್ಟುಗಳು ತಳಿ ಸುಧಾರಣೆಯ ಯೋಜನೆಗೆ ಒಪ್ಪುವ ಮೊದಲು ಸೀಸೆಯ ಮೇಲಿನ ಚೀಟಿಯನ್ನು ಓದುವುದು ಒಳ್ಳೆಯದು.

ಇನ್ನು ಫಲಿತಾಂಶದ ಲೆಕ್ಕ. ಪ್ರಕೃತಿಯಲ್ಲಿ ಗಂಡುಗರು, ಹೆಣ್ಣುಗರುಗಳು ಹೆಚ್ಚುಕಡಿಮೆ ಸಮವಾಗಿ ಹುಟ್ಟುತ್ತವೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಹೆಣ್ಣು ದನಗಳು ಸುಮಾರು 14.5 ಕೋಟಿ, ಗಂಡು ದನಗಳು ಸುಮಾರು 4.7 ಕೋಟಿ. ಎಮ್ಮೆಗಳು ಸುಮಾರು 10 ಕೋಟಿ. ಕೋಣಗಳು ಒಂದು ಕೋಟಿಗೂ ಕಡಿಮೆ. ಜಮಾ ಮತ್ತು ಖರ್ಚು ತಾಳೆಯಾಗದ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಈ ಪುಸ್ತಕದಲ್ಲಿ ಕಾಣೆಯಾದ ಕೋಟಿಗಳು ಎಲ್ಲಿ? ಕೆಲವು ಕಸಾಯಿಖಾನೆಯಲ್ಲಿ, ಕೆಲವು ಬೀದಿಯಲ್ಲಿ, ಕೆಲವು ಹಾಲು ಸಿಗದೆ ಕಟ್ಟಿದ ಗೂಟದಲ್ಲೇ. ಕತ್ತಿಯನ್ನು ತಡೆಯುವ ಕಾಯ್ದೆಗಳು ಬಂದಾಗ ಹರ್ಷಿಸಿದವರು ಹಸಿವನ್ನು ತಡೆಯುವ ಕಾಯ್ದೆ ಯಾವುದೆಂದು ಕೇಳಲಿಲ್ಲ.

2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ಈಗ ಹೆಣ್ಣುಗರುಗಳೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯಕ್ಕೆ ಪ್ರೋತ್ಸಾಹ ನೀಡುತ್ತಿದೆ; ನೂರಕ್ಕೆ ತೊಂಬತ್ತು ಹೆಣ್ಣುಗರುಗಳೆಂದು ಲೆಕ್ಕ. ಹುಟ್ಟಿ ಹಸಿದು ಸಾಯುವುದಕ್ಕಿಂತ ಹುಟ್ಟದಿರುವುದು ಮೇಲು ಎಂಬ ವಾದವನ್ನು ತಳ್ಳಿಹಾಕಲಾಗದು. ವಧೆ ಕಡಿಮೆಯಾದರೆ ಅದು ಕಡಿಮೆಯಾದಂತೆಯೇ. ಆದರೆ ಇದನ್ನು ಅಹಿಂಸೆಯೆಂದು ಕೊಂಡಾಡುವುದು ಸಲ್ಲದು. ಕೆಚ್ಚಲಿದ್ದರೆ ಮಾತ್ರ ಹುಟ್ಟುವ ಹಕ್ಕು ಎಂಬ ಭಾವನೆಯೇ, ಕೆಚ್ಚಲು ಬತ್ತಿದ ದಿನ ಬದುಕುವ ಹಕ್ಕಿಲ್ಲವೆಂಬ ಭಾವನೆಯ ತಾಯಿ.

ಆಕ್ಷೇಪಗಳಿಗೆ ಸಮಾಧಾನ

ರೈತನ ಹೊಟ್ಟೆಯ ಮೇಲೆ ಹೊಡೆಯಬಾರದೆಂಬುದು ಮೊದಲ ಆಕ್ಷೇಪ. ನಿಜ. ರೈತನದು ಉದ್ಯೋಗೀ ಹಿಂಸೆ. ಬಡತನ ಅವನಿಗೆ ನೆಪವಾದೀತು. ಕೊಳ್ಳುವ ಶ್ರೀಮಂತನಿಗೆ ಯಾವ ನೆಪ? ಕರು ಕುಡಿದು ಉಳಿದ ಹಾಲಿಗೆ ಎರಡರಷ್ಟು ಬೆಲೆ ಕೊಟ್ಟರೆ ರೈತ ಬೇಡವೆನ್ನುವುದಿಲ್ಲ. ಪೂರ್ವಜರೂ ಹಾಲುಂಡರಲ್ಲ ಎಂಬುದು ಎರಡನೆಯದು. ಉಂಡರು, ಕರುವನ್ನು ಬಿಟ್ಟು, ತಾಯಿ ಸೊರೆ ಬಿಟ್ಟ ಮೇಲೆ ಉಂಡರು, ಗಂಡುಗರು ಎತ್ತಾಗಿ ಅದೇ ಮನೆಯಲ್ಲಿ ಮುದಿಯಾಯಿತು. ಹಾಗಿದ್ದೂ ಬೀಜ ಒಡೆಯುವ ವೃತ್ತಿಯನ್ನು, ನಿರ್ಲಾಂಛನ ಕರ್ಮವೆಂದು, ಶ್ರಾವಕನಿಗೆ ನಿಷೇಧಿಸಿದರು. ಅವರ ಹಾಲನ್ನು ತೋರಿಸಿ ಇಂದಿನ ಹಾಲನ್ನು ಸಮರ್ಥಿಸುವುದು ಅಸಲು ನಾಣ್ಯ ತೋರಿಸಿ ನಕಲಿ ನಾಣ್ಯ ನಡೆಸಿದಂತೆ. ಪರಂಪರೆ ಕೆಡುತ್ತದೆ ಎಂಬುದು ಮೂರನೆಯದು. ದಿಗಂಬರರಲ್ಲೇ ತೇರಾಪಂಥದವರು ಶುದ್ಧ ಜಲದಿಂದ ಮಾತ್ರ ಅಭಿಷೇಕ ಮಾಡುತ್ತ ಬಂದಿದ್ದಾರೆ. ಅವರ ಪೂಜೆ ನಿಷ್ಫಲವೆಂದು ಹೇಳುವ ಧೈರ್ಯ ಯಾರಿಗಿದೆ?

ಗುಳ್ಳದಷ್ಟು ಹಾಲು

ಆದ್ದರಿಂದ ಬಸದಿಗಳ ಟ್ರಸ್ಟುಗಳು ಮುಂದಿನ ಸಭೆಯಲ್ಲೇ ಮೂರು ನಿರ್ಣಯಗಳನ್ನು ಮಾಡಬಹುದು. ಒಂದು, ಅಭಿಷೇಕದ ಹಾಲನ್ನು ಕರು ಮೊದಲು ಉಂಡ, ಸೂಜಿ ಕಾಣದ ಕೊಟ್ಟಿಗೆಯಿಂದಲೇ ತರಿಸುವುದು. ಟ್ರಸ್ಟಿಗಳು ತಿಂಗಳಿಗೊಮ್ಮೆಯಾದರೂ ಕರೆಯುವ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನೋಡುವುದು. ಎರಡು, ಅಂತಹ ಹಾಲು ಎಷ್ಟು ದೊರೆಯುತ್ತದೋ ಅಷ್ಟರಲ್ಲೇ ಅಭಿಷೇಕ ಮುಗಿಸಿ, ಉಳಿದುದಕ್ಕೆ ಎಳನೀರು, ಕಬ್ಬಿನ ಹಾಲು, ಜಲಗಳನ್ನು ಬಳಸುವುದು. ಮೂರು, ಹಾಲಿನಲ್ಲಿ ಉಳಿತಾಯವಾದ ಹಣವನ್ನು ಬತ್ತಿದ ಹಸು ಮತ್ತು ಗಂಡುಗರುಗಳ ಮೇವಿಗೆ ಪ್ರತ್ಯೇಕ ಖಾತೆಯಲ್ಲಿ ಇಡುವುದು.

ಹಾಲು ಕಡಿಮೆಯಾದರೆ ವೈಭವ ಕುಂದೀತೆಂದು ಅಳುಕುವವರು ಶ್ರವಣಬೆಳಗೊಳದ ಬೆಟ್ಟವನ್ನು ನೆನೆಯಬೇಕು. ಚಾವುಂಡರಾಯನು ಕೊಡಕೊಡಗಳಾಗಿ ಹಾಲು ಸುರಿಸಿದರೂ ಅದು ಬಾಹುಬಲಿಯ ನಾಭಿಯಿಂದ ಕೆಳಗೆ ಇಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದವನ್ನು ತೊಯಿಸಿ ಬೆಟ್ಟದಿಂದ ಹರಿಯಿತು ಎಂಬ ಐತಿಹ್ಯವನ್ನು ಪ್ರತಿಯೊಂದು ಜೈನ ಮನೆಯ ಮಗುವೂ ಬಲ್ಲದು. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಸ್ವಾಮಿಯ ಎದುರಿಗೆ ನಿಂತಿದೆ. 1993, 2006, 2018ರ ಮಹಾಮಸ್ತಕಾಭಿಷೇಕಗಳಲ್ಲಿ ಬೆಟ್ಟವೇರಿದ ಲಕ್ಷಾಂತರ ಜನ ಅವಳ ಮುಂದೆಯೇ ಹಾದುಹೋದರು. ರಾಯನ ಕೊಡಗಳಿಗೆ ಇಲ್ಲದ್ದು ಅವಳ ಚಿಪ್ಪಿನಲ್ಲಿ ಏನಿತ್ತು? ಭಕ್ತಿಯಿತ್ತು ಎನ್ನುತ್ತಾರೆ. ಬಡ ಮುದುಕಿ ಕರುವಿಗೆ ಬಿಟ್ಟು ಉಳಿದುದನ್ನಷ್ಟೇ ತಂದಿದ್ದಳೆಂದು ತಿಳಿದರೆ ಕಥೆಯ ಅರ್ಥ ಕೆಡುವುದಿಲ್ಲ, ಹೆಚ್ಚುತ್ತದೆ. ಮುಂದಿನ ಅಭಿಷೇಕಕ್ಕೆ ಅಷ್ಟೇ ಹಾಲು ಸಾಕು, ಕೊಟ್ಟ ಹಾಲಾಗಿರಬೇಕು.